ನೆಫೆರ್: ಈ ಪುಟ್ಟ ಈಜಿಪ್ಟಿಯನ್ ಪದಕ್ಕೆ ‘ಸುಂದರ’ ಎಂಬ ಒಂದೇ ಅರ್ಥ ಸಾಕೇ?

ಪದಮೂಲ:
ನೆಫೆರ್ತಿತಿ ಎಂದರೆ ‘ಸುಂದರಿ ಬಂದಿದ್ದಾಳೆ’ ಎಂದು ಎಲ್ಲ ಕಡೆ ಓದುತ್ತೇವೆ. ಅದು ಸರಿಯೇ. ಆದರೆ ನೆಫೆರ್ ಎಂದರೆ ಸುಂದರ, ಅಷ್ಟೇ ಎಂದುಕೊಂಡು ಬೇರೆ ಬರಹಗಳಿಗೆ ಕೈ ಹಾಕಿದರೆ ಅರ್ಥ ಕೂಡಿಬರುವುದಿಲ್ಲ. ಫೇರೋನನ್ನು ‘ನೆಚೆರ್ ನೆಫೆರ್’, ಅಂದರೆ ನೆಫೆರ್ ಆದ ದೇವರು ಎನ್ನುತ್ತಾರೆ. ಗೋರಿಗಳ ಬರಹದಲ್ಲಿ ಸತ್ತವನಿಗೆ ನೆಫೆರ್ ಆದ ಸಮಾಧಿ ದೊರೆಯಲಿ ಎಂಬ ಬೇಡಿಕೆ ಇರುತ್ತದೆ. ಹಳೆಯ ಕಾಲದ ಮಂತ್ರಿ ಪ್ತಾಹೊತೆಪನ ನೀತಿಬೋಧೆಯ ಮೊದಲಲ್ಲೇ ‘ನೆಫೆರ್ ಮಾತು ಹಸಿರು ರತ್ನಕ್ಕಿಂತ ಆಳದಲ್ಲಿ ಅಡಗಿರುತ್ತದೆ, ಆದರೂ ಧಾನ್ಯ ಅರೆಯುವ ಕಲ್ಲಿನ ಮುಂದೆ ಕೂತ ದಾಸಿಯರ ಬಾಯಲ್ಲಿ ಸಿಗುತ್ತದೆ’ ಎಂಬ ಅರ್ಥದ ಸಾಲಿದೆ. ಇನ್ನೊಂದು ಕಡೆ, ಕಟ್ಟಡದ ಕಲ್ಲುಗಳ ಮೇಲೆ ಅದೇ ಪದ ಮಟ್ಟದ ಗೆರೆಯ ಹೆಸರು. ಲೆಕ್ಕದ ಕಡತದಲ್ಲಿ ‘ಉಳಿಕೆ ಏನೂ ಇಲ್ಲ’ ಎಂಬ ಗುರುತು. ವ್ಯಾಕರಣದಲ್ಲಿ ‘ಇಲ್ಲ’ ಎಂಬ ನಿಷೇಧ.

ಇದು ಒಂದೇ ಪದವೇ, ಒಂದೇ ಉಚ್ಚಾರದ ಹಲವು ಪದಗಳೇ? ಚಿಹ್ನೆ, ವ್ಯಾಕರಣ, ಉಚ್ಚಾರ, ಲೆಕ್ಕ, ಎಲ್ಲ ದಿಕ್ಕಿನಿಂದಲೂ ನೋಡೋಣ. ಬಲ್ಲವರು ಬರೆಯಿರಿ.

ಕಲ್ಬರಹ:
ಚಿಹ್ನೆಯಿಂದ ಶುರು ಮಾಡುತ್ತೇನೆ. ಈಜಿಪ್ಟಿಯನ್ ವ್ಯಾಕರಣ ಬರೆದ ವಿದ್ವಾಂಸ ಗಾರ್ಡಿನರ್ ಅವರ ಚಿಹ್ನೆಪಟ್ಟಿಯಲ್ಲಿ ಇದು ಎಫ್-35. ಎಫ್ ವರ್ಗವೆಂದರೆ ಸಸ್ತನಿಗಳ ಅಂಗಾಂಗಗಳು. ಕೆಳಗೆ ಹೃದಯ, ಅದರಿಂದ ನೆಟ್ಟಗೆ ಮೇಲಕ್ಕೆ ಹೋಗುವ ಶ್ವಾಸನಾಳ, ತುದಿಯ ಹತ್ತಿರ ಅಡ್ಡಗೆರೆ. ಇಷ್ಟೇ ಚಿತ್ರ.

ಇದು ಮೂರು ವ್ಯಂಜನಗಳ ಚಿಹ್ನೆ: ನ್, ಫ್, ರ್. ಈ ಒಂದನ್ನೇ ಕೆತ್ತಿದರೂ ಪದ ಪೂರ್ತಿ. ಆದರೆ ಬರಹಗಾರರು ಬಹಳ ಸಲ ಇದರ ಜೊತೆಗೆ ಕೊಂಬಿನ ಹಾವನ್ನೂ (ಐ-9, ಫ್) ಬಾಯಿಯನ್ನೂ (ಡಿ-21, ರ್) ಬರೆಯುತ್ತಾರೆ. ಹೊಸದಾಗಿ ಕಲಿಯುವವರು ಇಲ್ಲೇ ಎಡವುತ್ತಾರೆ: ‘ನೆಫೆರ್‌ಫೆರ್’ ಎಂದು ಓದಿಬಿಡುತ್ತಾರೆ. ಹಾವು, ಬಾಯಿ ಎರಡೂ ಚಿಹ್ನೆಯ ಓದನ್ನು ಗಟ್ಟಿ ಮಾಡಲು ಬಂದ ಪೂರಕಗಳು, ಅವಕ್ಕೆ ಬೇರೆ ಉಚ್ಚಾರವಿಲ್ಲ.

ಪೂರಕವೋ ಅಲ್ಲವೋ ಎಂದು ಪರೀಕ್ಷಿಸುವ ಕ್ರಮ ಹೀಗೆ. ಹಾವು ಮತ್ತು ಬಾಯಿ ಎರಡೂ ಇದ್ದರೆ ಪೂರಕ ಎಂದುಕೊಂಡು ಮುಂದೆ ಹೋಗಬಹುದು. ಹಾವು ಮಾತ್ರ ಇದ್ದು ಬಾಯಿ ಇಲ್ಲದಿದ್ದರೆ ನಿಲ್ಲಬೇಕು, ಅದು ‘ಅವನು/ಅವನ’ ಎಂಬ ಸರ್ವನಾಮ ಪ್ರತ್ಯಯ ಆಗಿರುವ ಸಾಧ್ಯತೆ ಇದೆ. 5ನೇ ರಾಜವಂಶದ ನೆಫೆರೆಫ್ರೆ ಎಂಬ ರಾಜನ ಹೆಸರಿನಲ್ಲಿ ಆಗಿರುವುದು ಇದೇ. ಅಲ್ಲಿನ ಹಾವು ಪ್ರತ್ಯಯ, ಕೊನೆಯ ‘ರೆ’ ಸೂರ್ಯದೇವನ ಹೆಸರು.

ಹೊಸಓದುಗ:
ಕಲ್ಬರಹ ಸರ್, ಆ ಚಿಹ್ನೆ ತಂತಿವಾದ್ಯ ಅಂತ ಹಳೇ ಪುಸ್ತಕಗಳಲ್ಲಿ ಇದೆಯಲ್ಲ? ಸಂಗೀತ ಇಂಪಾದದ್ದು, ಅದಕ್ಕೇ ‘ಸುಂದರ’ ಎಂಬ ಅರ್ಥ ಬಂತು ಎನ್ನುವ ವಿವರಣೆ ಚೆನ್ನಾಗಿ ಹೊಂದುತ್ತದೆ.

ಕಲ್ಬರಹ:
ಹೊಂದುತ್ತದೆ, ಆದರೆ ಕಾಲ ಹೊಂದುವುದಿಲ್ಲ. ಉದ್ದ ಕತ್ತಿನ ಆ ವಾದ್ಯ ಹೇರಳವಾಗಿ ಕಾಣುವುದು ಹೊಸ ರಾಜ್ಯದ ಚಿತ್ರಗಳಲ್ಲಿ, ಅಂದರೆ ಸುಮಾರು ಕ್ರಿ.ಪೂ. 1550ರ ನಂತರ. ಹಳೆಯ ರಾಜ್ಯದ, ಅಂದರೆ ಗೀಜಾದ ಪಿರಮಿಡ್‌ಗಳ ಕಾಲದ, ಗೋರಿಗಳ ಸಂಗೀತ ದೃಶ್ಯಗಳಲ್ಲಿ ಹಾರ್ಪ್ ಇದೆ, ಕೊಳಲುಗಳಿವೆ, ಇದಿಲ್ಲ. ನೆಫೆರ್ ಚಿಹ್ನೆಯಾದರೋ ಅದಕ್ಕೂ ಸಾವಿರ ವರ್ಷ ಮೊದಲೇ ಪೂರ್ಣ ಬಳಕೆಯಲ್ಲಿತ್ತು. 4ನೇ ರಾಜವಂಶದ ಮೊದಲ ರಾಜ ಸ್ನೆಫೆರುವಿನ ಹೆಸರಿನಲ್ಲೇ ಅದಿದೆ.

ಇನ್ನೊಂದು ಸಾಕ್ಷಿ ಹೊರಾಪೊಲ್ಲೊ ಹೆಸರಿನ ಗ್ರೀಕ್ ಬರಹ. ಸುಮಾರು 5ನೇ ಶತಮಾನದ್ದು. ಚಿತ್ರಲಿಪಿಯ ಬಗ್ಗೆ ಅದರಲ್ಲಿರುವುದು ಬಹುಪಾಲು ಕಲ್ಪನೆ. ಆದರೂ ಶ್ವಾಸನಾಳದಿಂದ ತೂಗುವ ಹೃದಯ ‘ಒಳ್ಳೆಯವನ ಬಾಯಿ’ಯನ್ನು ಸೂಚಿಸುತ್ತದೆ ಎಂಬ ಮಾತು ಅದರಲ್ಲಿದೆ. ಅಂಗಗಳ ಗುರುತೂ ‘ಒಳ್ಳೆಯ’ ಎಂಬ ಅರ್ಥವೂ ಅಷ್ಟು ತಡವಾದ ಕಾಲದವರೆಗೆ ಉಳಿದುಬಂದಿದ್ದವು. ‘ಬಾಯಿ’ ಎಲ್ಲಿಂದ ಬಂತು? ಪೂರಕವಾಗಿ ಬರುವ ಆ ಡಿ-21 ಚಿಹ್ನೆಯಿಂದಲೇ ಎಂದು ನನ್ನ ಊಹೆ.

ಒಂದು ಎಚ್ಚರಿಕೆ: ಎಫ್-35ರ ಪಕ್ಕದಲ್ಲೇ ಎಫ್-36 ಇದೆ, ಶ್ವಾಸಕೋಶ ಮತ್ತು ಶ್ವಾಸನಾಳ. ಅದರ ಓದು ‘ಸೆಮಾ’, ಅರ್ಥ ಕೂಡಿಸು. ಸಿಂಹಾಸನದ ಪಕ್ಕದಲ್ಲಿ ಎರಡು ನಾಡುಗಳ ಗಿಡಗಳನ್ನು ಗಂಟು ಹಾಕುವ ಚಿತ್ರದ ನಡುವೆ ಇರುವುದು ಅದೇ. ಸವೆದ ಕಲ್ಲಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಬುಡ ನೋಡಿ: ಒಂದೇ ಉಂಡೆಯಾಗಿದ್ದರೆ ನೆಫೆರ್, ಎರಡು ಹಾಳೆಗಳಾಗಿ ಅಗಲಿದ್ದರೆ ಸೆಮಾ. ಬರೀ ಹೃದಯ, ಅಂದರೆ ಮನಸ್ಸು ಎಂಬರ್ಥದ ‘ಇಬ್’, ಮೂರನೆಯ ಚಿಹ್ನೆ (ಎಫ್-34). ಅದು ಹಿಡಿಗಳಿರುವ ಪುಟ್ಟ ಮಡಕೆಯಂತಿದೆ, ನಾಳ ಇರುವುದಿಲ್ಲ.

ನುಡಿನೆಲೆ:
ವ್ಯಾಕರಣದ ಭಾಗ ನಾನು ಬರೆಯುತ್ತೇನೆ. ಅರ್ಥದ ಅರ್ಧ ಗೊಂದಲ ಅಲ್ಲೇ ಇದೆ.

ನೆಫೆರ್ ಮೂಲತಃ ಗುಣ ಹೇಳುವ ಕ್ರಿಯಾಪದ, ‘ನೆಫೆರ್ ಆಗಿರು’. ಅದರಿಂದ ವಿಶೇಷಣ. ಕನ್ನಡದಲ್ಲಿ ವಿಶೇಷಣ ನಾಮಪದಕ್ಕೆ ಮೊದಲು ಬರುತ್ತದೆ, ಈಜಿಪ್ಟಿಯನ್‌ನಲ್ಲಿ ನಂತರ. ಲಿಂಗ ವಚನಗಳಲ್ಲೂ ಹೊಂದಿಕೊಳ್ಳಬೇಕು: ‘ಸಾ ನೆಫೆರ್’ ಒಳ್ಳೆಯ ಮಗ, ‘ಸಾತ್ ನೆಫೆರೆತ್’ ಒಳ್ಳೆಯ ಮಗಳು. ಆ ಕೊನೆಯ ತ್ ಸ್ತ್ರೀಲಿಂಗದ ಗುರುತು, ಬರೆಯುವುದು ಚಿಕ್ಕ ರೊಟ್ಟಿಯ ಚಿಹ್ನೆಯಿಂದ (ಎಕ್ಸ್-1).

ವಾಕ್ಯದ ಆಖ್ಯಾತ, ಅಂದರೆ ಕರ್ತೃವಿನ ಬಗ್ಗೆ ಹೇಳುವ ಭಾಗ, ಆದಾಗ ಎಲ್ಲ ತಲೆಕೆಳಗು. ನೆಫೆರ್ ಮೊದಲು ಬರುತ್ತದೆ, ಲಿಂಗಕ್ಕೆ ಬದಲಾಗುವುದಿಲ್ಲ. ‘ನೆಫೆರ್ ಸು’ ಅವನು ಒಳ್ಳೆಯವನು, ‘ನೆಫೆರ್ ಸಿ’ ಅವಳು ಒಳ್ಳೆಯವಳು. ಹಡಗು ಒಡೆದು ದ್ವೀಪ ಸೇರಿದ ನಾವಿಕನ ಕತೆಯಲ್ಲಿ ಬರುವ ‘ನೆಫೆರ್ ಸೆಜೆಮ್ ಎನ್ ರೆಮೆಚ್’, ಜನರಿಗೆ ಕೇಳಿಸಿಕೊಳ್ಳುವುದು ಒಳ್ಳೆಯದು ಎಂಬ ಮಾತೂ ಇದೇ ರಚನೆ. ಅದಕ್ಕೆ ‘ವಿ’ ಸೇರಿಸಿ ‘ನೆಫೆರ್‌ವಿ’ ಎಂದರೆ ಉದ್ಗಾರ: ಎಷ್ಟು ಚೆಂದ!

ಮೂರನೆಯದು ನಮಗೆ ಬಹುವ್ರೀಹಿಯಿಂದಾಗಿ ಸುಲಭವಾಗಿ ತಿಳಿಯುವಂಥದು. ‘ನೆಫೆರ್ ಹೆರ್’, ಹೆರ್ ಎಂದರೆ ಮುಖ. ಅರ್ಥ ಚೆಲುಮೊಗದವನು. ಹೆಂಗಸಾದರೆ ‘ನೆಫೆರೆತ್ ಹೆರ್’. ಗಮನಿಸಿ, ವಿಶೇಷಣ ಹೊಂದಿಕೊಂಡಿರುವುದು ಮುಖದ ಲಿಂಗಕ್ಕಲ್ಲ, ವ್ಯಕ್ತಿಯ ಲಿಂಗಕ್ಕೆ. ಇದನ್ನು ಬಿಡಿಬಿಡಿಯಾಗಿ ‘ಸುಂದರ ಮುಖ’ ಎಂದು ಓದಿದರೆ ಇಡೀ ಬಿರುದಾವಳಿ ದಾರಿ ತಪ್ಪುತ್ತದೆ.

ಇನ್ನು ಅರ್ಥ. ಬಳಕೆಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ನನಗೆ ಕಾಣುವ ತಿರುಳು ‘ಇರಬೇಕಾದ ಹಾಗೆ ಇದೆ, ಕೊರತೆ ಇಲ್ಲ’ ಎಂಬುದು. ಮೈ ಹಾಗಿದ್ದರೆ ಚೆಲುವು, ನಡತೆ ಹಾಗಿದ್ದರೆ ಒಳ್ಳೆಯತನ, ಮಾತು ಹಾಗಿದ್ದರೆ ಸುಭಾಷಿತ, ದಿನ ಹಾಗಿದ್ದರೆ ‘ಹೆರು ನೆಫೆರ್’, ಹಬ್ಬದ ದಿನ. ವಯಸ್ಸು ಹಾಗಿದ್ದರೆ ಯೌವನ: ‘ನೆಫೆರು’ ಎಂದರೆ ಸೈನ್ಯಕ್ಕೆ ಸೇರಿದ ಎಳೆಯರು ಎಂಬ ಬಳಕೆ ಇದೆ. ಸತ್ತವರ ನಾಡು ‘ಇಮೆಂತೆತ್ ನೆಫೆರೆತ್’, ಒಳ್ಳೆಯ ಪಡುವಣ. ವಿರುದ್ಧಪದ ‘ಬಿನ್’, ಕೆಟ್ಟದ್ದು. ಕುರೂಪ ಎಂಬ ಅರ್ಥದ ಪದವಲ್ಲ, ‘ಕೆಟ್ಟದ್ದು’ ಇದರ ಜೋಡಿ ಆಗಿರುವುದು ಮುಖ್ಯ ಸುಳಿವು.

ಕನ್ನಡಕ್ಕೆ ತರುವಾಗ ‘ಒಳ್ಳೆಯ’ ಎಂದು ಶುರು ಮಾಡಿ, ದೇಹದ ವರ್ಣನೆ ಬಂದಾಗ ಮಾತ್ರ ‘ಚೆಲುವು’ ಬಳಸುವುದು ಸುರಕ್ಷಿತ. ಬರ್ಲಿನ್‌ನಲ್ಲಿರುವ 3033ನೇ ಪಪೈರಸ್ಸಿನ ಕತೆಯಲ್ಲಿ ರಾಜ ಸ್ನೆಫೆರು ತನ್ನ ದೋಣಿಗೆ ಹುಟ್ಟು ಹಾಕಲು ‘ಮೈಕಟ್ಟಿನಲ್ಲಿ ನೆಫೆರ್’ ಆದ 20 ಹೆಣ್ಣುಗಳನ್ನು ಕರೆಸುತ್ತಾನೆ. ಅಲ್ಲಿ ‘ಒಳ್ಳೆಯ’ ಎಂದರೆ ಪೇಲವ.

ಲೆಕ್ಕದಕಡತ:
ಸೊನ್ನೆಯ ವಿಷಯ. ಇದಕ್ಕೆ ಎರಡು ಬೇರೆ ಬೇರೆ ಆಧಾರಗಳಿವೆ, ಬೆರೆಸಬಾರದು.

ಮೊದಲನೆಯದು ಕಟ್ಟಡ. ಗೀಜಾದಲ್ಲಿ ಮೆನ್ಕೌರೆಯ ಪಿರಮಿಡ್ ಸಮುಚ್ಚಯವನ್ನು ಅಗೆದ ಪುರಾತತ್ವಜ್ಞ ರೈಸ್ನರ್, ಕಲ್ಲುಗಳ ಮೇಲೆ ಕೆಲಸಗಾರರು ಬಣ್ಣದಲ್ಲಿ ಎಳೆದ ಗೆರೆಗಳನ್ನೂ ಟಿಪ್ಪಣಿಗಳನ್ನೂ ದಾಖಲಿಸಿದರು. ಕೆಲಸ ನಡೆಯುತ್ತಿದ್ದುದು ಹೀಗೆ: ಒಂದು ಮಟ್ಟದ ಗೆರೆಯನ್ನು ಆಧಾರವಾಗಿ ಹಿಡಿಯುವುದು, ಅದರ ಹೆಸರು ನೆಫೆರು. ಅಲ್ಲಿಂದ ಮೇಲಕ್ಕೆ ಮೊಳಗಳನ್ನು ಎಣಿಸಿ ‘ನೆಫೆರುವಿನ ಮೇಲೆ ಇಷ್ಟು ಮೊಳ’ ಎಂದೂ, ಕೆಳಕ್ಕೆ ಎಣಿಸಿ ‘ನೆಫೆರುವಿನ ಕೆಳಗೆ ಇಷ್ಟು ಮೊಳ’ ಎಂದೂ ಬರೆಯುವುದು. ಮೊಳವೆಂದರೆ ರಾಜಮೊಳ, ಸುಮಾರು 52.4 ಸೆಂಟಿಮೀಟರ್, 7 ಅಂಗೈ, 28 ಬೆರಳು. ನೆಲ ಏರುತಗ್ಗಾಗಿರುವ ಬಂಡೆಯ ಮೇಲೆ ಕಟ್ಟುವಾಗ ಇಂಥ ಆಧಾರಗೆರೆ ಇಲ್ಲದಿದ್ದರೆ ಒಂದು ಮೂಲೆಯ ಸಾಲು ಇನ್ನೊಂದು ಮೂಲೆಯ ಸಾಲಿಗೆ ಕೂಡುವುದೇ ಇಲ್ಲ. ಇಲ್ಲಿ ‘ಸೌಂದರ್ಯಗಳ ಮೇಲೆ’ ಎಂದು ಅನುವಾದಿಸಿದರೆ ಟಿಪ್ಪಣಿ ನಿರರ್ಥಕ.

ಎರಡನೆಯದು ಲೆಕ್ಕಪತ್ರ. ಬೂಲಾಕ್ 18 ಎಂಬ ಪಪೈರಸ್, 13ನೇ ರಾಜವಂಶದ್ದು. 1860ರಲ್ಲಿ ಥೀಬ್ಸ್‌ನ ದ್ರಾ ಅಬು ಎಲ್ ನಾಗಾದಲ್ಲಿ ಒಬ್ಬ ಲಿಪಿಕಾರನ ಗೋರಿಯಲ್ಲಿ ಸಿಕ್ಕಿತು. ಅವನ ಹೆಸರೇ ನೆಫೆರ್‌ಹೊತೆಪ್. ಅರಮನೆಯ ದಿನದಿನದ ರೊಟ್ಟಿ, ಬಿಯರ್ ಲೆಕ್ಕ ಅದರಲ್ಲಿದೆ: ಬಂದದ್ದು, ಕೊಟ್ಟದ್ದು, ಉಳಿದದ್ದು. ಬಂದದ್ದೂ ಕೊಟ್ಟದ್ದೂ ಸರಿಸಮವಾಗಿ ಏನೂ ಉಳಿಯದ ಕಡೆ ಅಂಕಿಯ ಬದಲು ನೆಫೆರ್ ಚಿಹ್ನೆ.

ನುಡಿನೆಲೆ ಅವರ ‘ಕೊರತೆ ಇಲ್ಲ’ ಎಂಬ ತಿರುಳಿಗೆ ಇದು ಒಪ್ಪುತ್ತದೆ ಅನ್ನಿಸುತ್ತದೆ. ಪೂರ್ತಿಯಾಯಿತು, ಚುಕ್ತಾ ಆಯಿತು, ಆದ್ದರಿಂದ ಉಳಿಕೆ ಇಲ್ಲ.

ಹೊಸಓದುಗ:
ಹಾಗಾದರೆ ಸೊನ್ನೆಯನ್ನು ಕಂಡುಹಿಡಿದವರು ಈಜಿಪ್ಟಿನವರು ಎಂದಾಯಿತಲ್ಲ? ಭಾರತದ್ದು ಎಂದು ನಾವು ಹೇಳುವುದು ತಪ್ಪೇ?

ಲೆಕ್ಕದಕಡತ:
ಇಲ್ಲ, ಎರಡೂ ಬೇರೆ ಸಂಗತಿಗಳು. ಈಜಿಪ್ಟಿನ ಅಂಕಿಗಳು ಕೂಡಿಸುವ ಪದ್ಧತಿಯವು. 1ಕ್ಕೆ ಗೀಟು, 10ಕ್ಕೆ ಕಮಾನು, 100ಕ್ಕೆ ಸುರುಳಿ, 1000ಕ್ಕೆ ತಾವರೆ, ಹೀಗೆ 10 ಲಕ್ಷದವರೆಗೆ ಬೇರೆ ಬೇರೆ ಚಿಹ್ನೆ. 205 ಬರೆಯಲು ಎರಡು ಸುರುಳಿ, ಐದು ಗೀಟು. ಹತ್ತರ ಸ್ಥಾನವೇ ಇಲ್ಲ, ಆದ್ದರಿಂದ ಆ ಸ್ಥಾನ ಕಾಯುವ ಸೊನ್ನೆಯ ಅಗತ್ಯವೂ ಇಲ್ಲ. ನೆಫೆರ್ ‘ಉಳಿಕೆ ಶೂನ್ಯ’ ಎಂಬ ಫಲಿತಾಂಶವನ್ನೂ ‘ಅಳತೆ ಶುರುವಾಗುವ ಮಟ್ಟ’ವನ್ನೂ ಹೇಳಿತು, ಅದು ದೊಡ್ಡ ವಿಷಯವೇ. ಆದರೆ ಸ್ಥಾನಬೆಲೆಯ ಅಂಕಿಯಾಗಿ, ಕೂಡಿಸುವ ಗುಣಿಸುವ ಸಂಖ್ಯೆಯಾಗಿ ಸೊನ್ನೆಗೆ ನಿಯಮ ಹೇಳಿದ್ದು ಭಾರತದಲ್ಲಿ, 628ರಲ್ಲಿ ಬ್ರಹ್ಮಗುಪ್ತ.

ಪದಮೂಲ:
‘ಇಲ್ಲ’ ಎಂಬ ನಿಷೇಧಾರ್ಥವೂ ಇದೇ ಕವಲಿನದೇ?

ನುಡಿನೆಲೆ:
ಹೌದೆಂದೇ ಹಲವು ವ್ಯಾಕರಣಕಾರರ ಅಭಿಪ್ರಾಯ. ಹಳೆಯ ಈಜಿಪ್ಟಿಯನ್‌ನಲ್ಲಿ ‘ನೆಫೆರ್ ಎನ್’ ಎಂದು ಕ್ರಿಯಾಪದದ ಮುಂದೆ ಬಂದು ನಿಷೇಧ ಹೇಳುತ್ತದೆ. ‘ನೆಫೆರ್ ಪು’ ಎಂದರೆ ‘… ಇಲ್ಲ’. ಗಾರ್ಡಿನರ್ ಇದನ್ನು ‘ಮುಗಿದಿದೆ, ತೀರಿದೆ’ ಎಂಬ ಅರ್ಥದಿಂದ ವಿವರಿಸಿದರು. ಇದಕ್ಕೆ ಬೆಂಬಲವಾಗಿ ‘ನೆಫೆರಿತ್ ಎರ್’ ಎಂಬ ಪದಗುಚ್ಛವಿದೆ, ಅರ್ಥ ‘… ಕೊನೆ ಮುಟ್ಟುವವರೆಗೆ’. ಅಂದರೆ ಪೂರ್ತಿ, ಕೊನೆ, ತೀರಿಕೆ, ಇಲ್ಲ ಎಂಬ ಸರಣಿ.

ಲೆಕ್ಕದಕಡತ ಅವರಷ್ಟು ಧೈರ್ಯವಾಗಿ ಎಲ್ಲವನ್ನೂ ಒಂದೇ ಬೇರಿಗೆ ಕಟ್ಟಲು ಮಾತ್ರ ನಾನು ಹಿಂಜರಿಯುತ್ತೇನೆ. ಪೂರ್ಣತೆಯಿಂದ ಚೆಲುವು ಒಂದು ಕವಲು, ಪೂರ್ಣತೆಯಿಂದ ಕೊನೆ ಇನ್ನೊಂದು. ನಡುವಿನ ‘ಪೂರ್ಣತೆ’ ನಾವು ತರ್ಕದಿಂದ ಕಟ್ಟಿಕೊಂಡದ್ದು. ನಿಘಂಟುಗಳು ‘ಒಳ್ಳೆಯ’ ಎಂಬುದನ್ನೂ ‘ಮಟ್ಟ, ಕೊನೆ’ ಎಂಬುದನ್ನೂ ಬೇರೆ ಬೇರೆ ನಮೂದುಗಳಾಗಿಯೇ ಕೊಡುತ್ತವೆ. ಓದುವಾಗಲೂ ಹಾಗೇ ಬೇರೆ ಇಟ್ಟುಕೊಳ್ಳುವುದು ಲೇಸು.

ಕೊಪ್ಟಿಕ್‌ಓದು:
ಉಚ್ಚಾರದ ಬಗ್ಗೆ ಯಾರೂ ಬರೆದಿಲ್ಲ. ‘ನೆಫೆರ್’ ಎನ್ನುವುದು ನಮ್ಮ ಕಾಲದ ಅನುಕೂಲ. ಚಿತ್ರಲಿಪಿಯಲ್ಲಿ ಸ್ವರಗಳನ್ನು ಬರೆಯುವುದಿಲ್ಲ, ಆದ್ದರಿಂದ ಓದಲು ವ್ಯಂಜನಗಳ ನಡುವೆ ‘ಎ’ ತುಂಬುತ್ತಾರೆ. ಕನ್ನಡದಲ್ಲಿ ಲಿಪ್ಯಂತರ ಮಾಡುವವರು ಜಾಗ್ರತೆ: ನಮ್ಮ ಅಕ್ಷರದಲ್ಲಿ ‘ಅ’ ಸೇರಿಯೇ ಇರುತ್ತದೆ. ‘ನಫರ’ ಎಂದು ಬರೆದರೆ ಇಲ್ಲದ ಮೂರು ಸ್ವರ ಸೇರಿಸಿದಂತೆ. ವ್ಯಂಜನ ಮಾತ್ರ ತೋರಿಸಬೇಕಾದರೆ ನ್-ಫ್-ರ್ ಎಂದು ಹಲಂತದಲ್ಲೇ ಬರೆಯಿರಿ.

ನಿಜವಾದ ಸ್ವರ ತಿಳಿಯಲು ಎರಡು ದಾರಿ. ಒಂದು ಕೊಪ್ಟಿಕ್, ಗ್ರೀಕ್ ಮೂಲದ ಲಿಪಿಯಲ್ಲಿ ಸ್ವರಸಹಿತ ಬರೆದ ಕೊನೆಯ ಹಂತದ ಈಜಿಪ್ಟಿಯನ್. ಅಲ್ಲಿ ಪುಲ್ಲಿಂಗ ರೂಪ ‘ನೂಫೆ’, ಸ್ತ್ರೀಲಿಂಗ ‘ನೊಫ್ರೆ’. ನೊಫ್ರೆಗೆ ಪ್ರಯೋಜನ, ಲಾಭ ಎಂಬ ಅರ್ಥವಾಗಿದೆ. ‘ಸ್ತಿನೂಫೆ’ ಎಂದರೆ ಸುಗಂಧ. ಪದದ ಕೊನೆಯ ರ್ ಬಿದ್ದುಹೋದದ್ದು ಕಾಣುತ್ತದೆ. ಸ್ತ್ರೀಲಿಂಗದಲ್ಲಿ ರ್ ಕೊನೆಯಲ್ಲಿರಲಿಲ್ಲ, ಅದಕ್ಕೇ ಉಳಿಯಿತು, ಬಿದ್ದದ್ದು ಅದರಾಚೆಯ ತ್.

‘ಊ’ ಬಂದ ಬಗೆ: ಹಳೆಯ ಒತ್ತುಳ್ಳ ‘ಆ’ ಕೊಪ್ಟಿಕ್‌ನಲ್ಲಿ ‘ಓ’ ಆಗುತ್ತದೆ, ನ್ ಮ್‌ಗಳ ನಂತರ ‘ಊ’ ಆಗುತ್ತದೆ. ದೇವರು ಎಂಬ ನೆಚೆರ್ ಪದ ‘ನೂತೆ’ ಆದದ್ದೂ ಇದೇ ನಿಯಮದಿಂದ. ಹಾಗಾಗಿ ಹಿಂದಕ್ಕೆ ಕಟ್ಟಿದರೆ ‘ನಾಫಿರ್’ ಎಂಬಂಥ ರೂಪ ಸಿಗುತ್ತದೆ.

ಎರಡನೆಯ ದಾರಿ ಪರದೇಶದ ಬರಹ. 2ನೇ ರಾಮ್ಸೆಸ್‌ನ ರಾಣಿ ನೆಫೆರ್ತಾರಿ ಹಿಟೈಟ್ ರಾಜ್ಯದ (ಇಂದಿನ ಟರ್ಕಿಯಲ್ಲಿತ್ತು) ರಾಣಿ ಪುದುಹೆಪಾಳಿಗೆ ಬರೆದ ಪತ್ರ ಬೆಣೆಲಿಪಿಯಲ್ಲಿ (ಕ್ಯೂನಿಫಾರ್ಮ್) ಉಳಿದಿದೆ. ಅದರಲ್ಲಿ ಅವಳ ಹೆಸರು ‘ನಪ್ತೆರ’. ಆ ಲಿಪಿಯಲ್ಲಿ ಫ್ ಇಲ್ಲ, ಅದಕ್ಕೆ ಪ್. ಮೊದಲ ಸ್ವರ ಆಗ ಇನ್ನೂ ‘ಅ’ ಆಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ತೆಂಕಣಗಾಳಿ:
ನಾಫಿರ್, ನವಿರು! ಕನ್ನಡದ ನವಿರು ಎಂದರೆ ಮೃದು, ಸೊಗಸು. ಈಜಿಪ್ಟಿನ ಆಕ್ಸಿರಿಂಕಸ್ ಪಪೈರಸ್ಸಿನಲ್ಲೇ ಕನ್ನಡ ಸಿಕ್ಕಿದೆಯಲ್ಲವೇ. ಇದು ಒಂದೇ ಮೂಲದ ಪದ ಏಕಾಗಬಾರದು?

ನುಡಿನೆಲೆ:
ತೆಂಕಣಗಾಳಿಯವರೇ, ಆಗುವುದಿಲ್ಲ, ಕಾರಣ ಹೇಳುತ್ತೇನೆ. ಎರಡು ಭಾಷೆಗಳ ಪದ ಒಂದೇ ಮೂಲದ್ದು ಎನ್ನಬೇಕಾದರೆ ಒಂದು ಪದದ ಹೋಲಿಕೆ ಸಾಲದು, ಅದೇ ಧ್ವನಿಗಳು ಹತ್ತಾರು ಪದಗಳಲ್ಲಿ ಅದೇ ಕ್ರಮದಲ್ಲಿ ಒಂದಕ್ಕೊಂದು ಎದುರಾಗಬೇಕು. ತಮಿಳಿನ ಪ ನಮ್ಮಲ್ಲಿ ಹ ಆಗುವಂತೆ: ಪಾಲ್-ಹಾಲು, ಪುಲಿ-ಹುಲಿ, ಪೆಣ್-ಹೆಣ್ಣು. ಈಜಿಪ್ಟಿಯನ್ ಫ್‌ಗೆ ಕನ್ನಡ ವ ಎದುರಾಗುವ ಅಂಥ ಸಾಲು ಇಲ್ಲ. ಮೂರೇ ವ್ಯಂಜನದ ಪುಟ್ಟ ಪದಗಳಲ್ಲಿ ಆಕಸ್ಮಿಕ ಹೋಲಿಕೆ ಯಾವ ಎರಡು ಭಾಷೆಗಳಲ್ಲೂ ಸಿಗುತ್ತದೆ. ಈಜಿಪ್ಟಿಯನ್ ಆಫ್ರೋ-ಏಷ್ಯಾಟಿಕ್ ಕುಟುಂಬದ್ದು, ಕನ್ನಡ ದ್ರಾವಿಡ.

ಆಕ್ಸಿರಿಂಕಸ್‌ನ 413ನೇ ಪಪೈರಸ್ ಬೇರೆಯೇ ಕತೆ. ಅದು ಸುಮಾರು ಕ್ರಿ.ಶ. 2ನೇ ಶತಮಾನದ ಗ್ರೀಕ್ ಪ್ರಹಸನ. ಭಾರತದ ಕರಾವಳಿಯ ಪಾತ್ರಗಳು ಆಡುವ ಮಾತುಗಳಲ್ಲಿ ಕನ್ನಡ ಇದೆ ಎಂದು 1904ರಲ್ಲಿ ಶಾಸನತಜ್ಞ ಹುಲ್ಟ್ಜ್ ವಾದಿಸಿದರು, ಗೋವಿಂದ ಪೈಗಳೂ ಆ ಪಕ್ಷದಲ್ಲಿದ್ದರು, ತುಳು ಎಂದವರೂ ಇದ್ದಾರೆ. ಅದು ಹಡಗಿನ ವ್ಯಾಪಾರದ ಕಾಲದ ಸಂಪರ್ಕಕ್ಕೆ ಸಂಬಂಧಿಸಿದ್ದು. ಅದಕ್ಕೂ ಎರಡೂವರೆ ಸಾವಿರ ವರ್ಷ ಹಿಂದಿನ ನೆಫೆರ್‌ಗೆ ಅದರಿಂದ ಏನೂ ಸಿಗುವುದಿಲ್ಲ.

ಕೊಪ್ಟಿಕ್‌ಓದು:
ಪದ ನಿಜವಾಗಿ ದೇಶ ದಾಟಿದ್ದು ಹೆಸರುಗಳ ಮೂಲಕ. ಸಕ್ಕಾರಾದ ದಕ್ಷಿಣದಲ್ಲಿ 6ನೇ ರಾಜವಂಶದ 1ನೇ ಪೆಪಿಯ ಪಿರಮಿಡ್ಡಿನ ಹೆಸರು ‘ಮೆನ್-ನೆಫೆರ್-ಪೆಪಿ’. ಮೆನ್ ಎಂದರೆ ನೆಲೆನಿಂತ. ಅದರ ಪಕ್ಕದ ವಸತಿಗೆ ಆ ಹೆಸರು, ಕ್ರಮೇಣ ಇಡೀ ರಾಜಧಾನಿಗೆ. ಕೊನೆಯ ರ್ ಬಿತ್ತು, ‘ಮೆನ್ಫೆ’ ಆಯಿತು, ತುಟಿಯ ಧ್ವನಿಯಾದ ಫ್ ಮುಂದಿದ್ದುದರಿಂದ ನ್ ಕೂಡ ಮ್ ಆಯಿತು. ಗ್ರೀಕರ ಬಾಯಲ್ಲಿ ಮೆಂಫಿಸ್.

ಇನ್ನೊಂದು ‘ವೆನೆನ್-ನೆಫೆರ್’, ಸತ್ತವರ ಲೋಕದ ದೇವರು ಒಸಿರಿಸ್‌ನ ಬಿರುದು. ಗ್ರೀಕ್‌ನಲ್ಲಿ ಒನ್ನೊಫ್ರಿಸ್. ಈಜಿಪ್ಟಿನ ಮರಳುಗಾಡಿನ ಕ್ರೈಸ್ತ ತಪಸ್ವಿ ಸಂತ ಒನುಫ್ರಿಯಸ್‌ನದೂ ಅದೇ ಹೆಸರು. ಇಟಲಿಯ ಒನೊಫ್ರಿಯೊ ಅವನಿಂದ ಬಂದದ್ದು.

ಹೊಸಓದುಗ:
ಎಲ್ಲರಿಗೂ ವಂದನೆಗಳು. ಕೊನೆಯದಾಗಿ ಎರಡು ಪ್ರಶ್ನೆ. ಹತ್ಶೆಪ್ಸುತ್‌ಳ ಮಗಳು ನೆಫೆರುರೆಯ ಹೆಸರಿನಲ್ಲಿ ಸೂರ್ಯನ ವೃತ್ತ ಮೊದಲು ಬರುತ್ತದೆ, ಆದರೂ ‘ರೆ’ ಎಂದು ಕೊನೆಯಲ್ಲಿ ಓದುತ್ತೇವೆ, ಏಕೆ? ಸ್ನೆಫೆರು ಹೆಸರನ್ನು ನಿಘಂಟಿನಲ್ಲಿ ನ್ ಅಡಿ ಹುಡುಕಿದರೆ ಸಿಗುತ್ತಿಲ್ಲ.

ಕಲ್ಬರಹ:
ಮೊದಲನೆಯದು ಗೌರವದ ಸ್ಥಾನಪಲ್ಲಟ. ದೇವರ ಹೆಸರು, ರಾಜ ಎಂಬ ಪದ ಬಂದರೆ ಬರೆಯುವಾಗ ಮುಂದೆ ಇಡುತ್ತಾರೆ, ಓದುವಾಗ ವ್ಯಾಕರಣದ ಜಾಗದಲ್ಲೇ ಓದಬೇಕು. ನೆಫೆರುರೆ ಎಂದರೆ ರೆಯ ಚೆಲುವು. ಇಂಥ ಹೆಸರುಗಳಲ್ಲಿ ನೆಫೆರ್ ಚಿಹ್ನೆ ಮೂರು ಸಲ ಸಾಲಾಗಿ ಬಂದರೆ ‘ನೆಫೆರ್ ನೆಫೆರ್ ನೆಫೆರ್’ ಅಲ್ಲ, ಅದು ಬಹುವಚನ: ನೆಫೆರು. ನೆಫೆರ್ತಿತಿಯ ಉದ್ದ ಹೆಸರು ನೆಫೆರ್‌ನೆಫೆರುಆತೆನ್‌ನಲ್ಲಿ ನಾಲ್ಕು ಚಿಹ್ನೆ ಒಟ್ಟಿಗೆ ಕಂಡರೆ ಒಂದು ಬಿಡಿ, ಮೂರು ಬಹುವಚನ ಎಂದು ಬಿಡಿಸಿಕೊಳ್ಳಬೇಕು.

ಚಿನ್ನದ ನೆಫೆರ್ ಮಣಿಗಳನ್ನು ಪೋಣಿಸಿದ ಕಂಠಹಾರಗಳಿವೆ, 3ನೇ ಥತ್ಮೋಸ್‌ನ ಪರದೇಶದ ಮೂವರು ರಾಣಿಯರ ಗೋರಿಯದು ಪ್ರಸಿದ್ಧ. ಅಲ್ಲಿ ಮಾತ್ರ ಎಣಿಸಿ ಓದುವ ಕೆಲಸವಿಲ್ಲ, ಪ್ರತಿ ಮಣಿಯೂ ಒಂದು ಶುಭಚಿಹ್ನೆ.

ನುಡಿನೆಲೆ:
ಎರಡನೆಯದಕ್ಕೆ: ಸ್ನೆಫೆರುವಿನ ಮೊದಲ ಸ್ ಪ್ರೇರಣಾರ್ಥಕ ಪ್ರತ್ಯಯ. ಕನ್ನಡದಲ್ಲಿ ‘ಇಸು’ ಕೊನೆಗೆ ಸೇರುತ್ತದೆ, ಅಲ್ಲಿ ಸ್ ಮೊದಲಿಗೆ. ಸ್ನೆಫೆರ್ ಎಂದರೆ ಚೆಂದಗೊಳಿಸು, ಸರಿಪಡಿಸು. ಆದ್ದರಿಂದ ಸ್ ಅಡಿ ನೋಡಿ. ಬಿಡಿ ನೆಫೆರ್ ಬೇಕಾದರೆ ಎರ್ಮನ್ ಮತ್ತು ಗ್ರಾಪೊ ಅವರ ಬರ್ಲಿನ್ ನಿಘಂಟಿನ 2ನೇ ಸಂಪುಟ. ಅಕ್ಷರಕ್ರಮ ನಮ್ಮದಲ್ಲ, ಬ್ ಪ್ ಫ್ ಮ್ ನ್ ರ್ ಎಂದು ಸಾಗುತ್ತದೆ, ಆದ್ದರಿಂದ ನ್-ಪ್ ಮುಗಿದ ಮೇಲೆ ನ್-ಫ್ ಬರುತ್ತದೆ.

ಓದು ಅಭ್ಯಾಸ ಮಾಡಲು ಯಾವುದಾದರೂ ನೈವೇದ್ಯ ಶಿಲಾಫಲಕದ ಚಿತ್ರ ಹಿಡಿಯಿರಿ. ರೊಟ್ಟಿ, ಬಿಯರ್, ಎತ್ತು, ಹಕ್ಕಿಗಳ ಪಟ್ಟಿ ಮುಗಿಯುತ್ತಲೇ ‘ಖೆತ್ ನೆಬೆತ್ ನೆಫೆರೆತ್ ವಾಬೆತ್’ ಬರುತ್ತದೆ: ಒಳ್ಳೆಯ, ಶುದ್ಧವಾದ ಎಲ್ಲ ವಸ್ತು. ಖೆತ್ ಸ್ತ್ರೀಲಿಂಗ, ಹಾಗಾಗಿ ಮೂರೂ ವಿಶೇಷಣಕ್ಕೆ ತ್ ಬೇಕು. ಕೆತ್ತುವವರು ಜಾಗ ಉಳಿಸಲು ಅದನ್ನು ಬಿಡುವುದುಂಟು, ಓದುವಾಗ ನೀವೇ ಸೇರಿಸಿಕೊಳ್ಳಬೇಕು. ‘ನೆಬ್’, ಅಂದರೆ ಎಲ್ಲ, ಯಾವಾಗಲೂ ನೆಫೆರ್‌ಗಿಂತ ಮೊದಲು. ನೆಬ್ ಬುಟ್ಟಿಯ ಆಕಾರದ್ದು, ಬೇಗ ಕಣ್ಣಿಗೆ ಬೀಳುತ್ತದೆ. ಮೊದಲು ಅದನ್ನು ಹುಡುಕಿ, ಅದರ ಮುಂದಿನದೇ ಹೃದಯ ಮತ್ತು ಶ್ವಾಸನಾಳ.